ಹಣೆಯ ಮೇಲಿನ ಗುಳಿ

ವಿದ್ಯಾನಗರದ ಮನೆಯಲ್ಲಿ ಕೂತು ನಾನು ಜನ ಕೊಟ್ಟ ಫೋಟೋಗಳಿಂದ ಮರದ ಮೇಲಿನ ಲೇಸರ್ ಕೆತ್ತನೆಗೆ ಫೈಲು ಸಿದ್ಧಮಾಡುತ್ತೇನೆ. ಪರದೆಯ ಮೇಲೆ ಪ್ರತಿ ಮುಖವೂ ಮೊದಲು ಮಂಜಿನಂತೆ ಬೂದುಬಣ್ಣಕ್ಕೆ ತಿರುಗುತ್ತದೆ. ಬಿಳಿ ಇದ್ದಲ್ಲಿ ಮರ ಉಬ್ಬಿ ನಿಲ್ಲುತ್ತದೆ, ಕಪ್ಪಿದ್ದಲ್ಲಿ ಲೇಸರ್ ಆಳಕ್ಕೆ ಸುಡುತ್ತದೆ. ಆ ಬೆಟ್ಟ ಕಣಿವೆಗಳಲ್ಲಿ ಅಲೆಯುತ್ತ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಒಮ್ಮೆ ಭದ್ರಾವತಿಯಿಂದ ಯಜಮಾನರೊಬ್ಬರು ಬಂದರು. ಕಾರ್ಖಾನೆಯಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಮಾಡುತ್ತಿದ್ದು ನಿವೃತ್ತರಾದವರು. ತೀರಿಕೊಂಡ ಹೆಂಡತಿಯ ಫೋಟೋ ಕೊಟ್ಟು, ತೇಗದ ಹಲಗೆಯಲ್ಲಿ ಕೆತ್ತಿಸಿಕೊಡಲು ಕೇಳಿದರು. ಜಡೆ, ಹುಬ್ಬು, ತುಟಿ ಎಲ್ಲವನ್ನೂ ನಾನು ತಿದ್ದಿ ಎತ್ತರಿಸಿದೆ. ಹಣೆಯ ದೊಡ್ಡ ಕುಂಕುಮ ಕಪ್ಪಾಗಿಯೇ ಉಳಿದದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ. ಯಂತ್ರದಿಂದ ಹಲಗೆ ಬಂದಾಗ ಅಲ್ಲೊಂದು ಗುಳಿ! ನನ್ನ ಮೇಲೆ ನನಗೇ ರೇಗಿಹೋಯಿತು.

"ಹೊಸದಾಗಿ ಮಾಡಿಕೊಡ್ತೀನಿ ಸರ್," ಅಂದೆ.

ಅವರು ಮಾದರಿಯ ನುಣುಪು ನೋಡುವ ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿ ಹಲಗೆಯನ್ನು ಬೆರಳಿನಿಂದ ಸವರಿದರು. ಬೆರಳು ಆ ಗುಳಿಯಲ್ಲಿ ನಿಂತಿತು.

"ಬೇಡ ಬಿಡಮ್ಮ. ಫೋಟೋದ ಗಾಜಿನ ಮೇಲೆ ದಿನಾ ಕುಂಕುಮ ಇಡ್ತೀನಿ, ಸಂಜೆಯೊಳಗೆ ಉದುರಿಹೋಗಿರುತ್ತೆ. ಇಲ್ಲಿ ನಿಲ್ಲುತ್ತೆ."