ಜಾದೂಘರದ ಪದಕಗಳ ಕಾಕಾ

ಕಾಕಾ ಅವರ ಬಲಗಣ್ಣಿನ ಸುತ್ತ ಬಳೆಯಂಥ ಕೆಂಪು ಗುರುತು ಇತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರೀ ಭೂತಗನ್ನಡಿಯನ್ನು ದಿನವಿಡೀ ಸಿಕ್ಕಿಸಿಕೊಂಡು ಕೂತು, ಅಲ್ಲಿ ಚರ್ಮವೇ ತಗ್ಗು ಬಿದ್ದಿತ್ತು. ಸತ್ತ ದಿನವೂ ಆ ಗುರುತು ಇತ್ತು. ನಾನೇ ನೋಡಿದ್ದೇನೆ.

ಅವರು ನನಗೆ ಸಂಬಂಧಿಕರಲ್ಲ. ಧಾರವಾಡ ಕಡೆಯವರು. ಇಲ್ಲಿ ಮುಂಬಯಿಯಲ್ಲಿ, ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಚೆಂಬೂರಿನ ಕಾಲನಿಯಲ್ಲಿ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ನಾನು ವಿಜಯಪುರ ಕಡೆಯವಳು. ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು ಬಿಲ್ಡಿಂಗ್ ಬಿಲ್ಡಿಂಗ್ ಹತ್ತುವುದು, ಪಾತ್ರೆ ಕೊಟ್ಟು ಹಳೇ ಬಟ್ಟೆ, ಹಳೇ ಸಾಮಾನು ತರುವುದು ನನ್ನ ಕೆಲಸ. ಹಳೇ ಮನೆಗಳ ಕೋಟಿನ ಜೇಬಿನಲ್ಲಿ, ಟ್ರಂಕಿನ ತಳದಲ್ಲಿ ಒಮ್ಮೊಮ್ಮೆ ಪದಕಗಳು ಸಿಗುತ್ತಿದ್ದವು. ಬ್ರಿಟಿಷರ ಕಾಲದಲ್ಲಿ ಫ್ರೀಮೇಸನ್ ಅಂತ ಒಂದು ಗುಟ್ಟಿನ ಕೂಟ ಇತ್ತಂತೆ. ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾರೋ ಯಾರಿಗೂ ತಿಳಿಯದು ಅಂತ ಜನ ಅವರ ಕಟ್ಟಡಕ್ಕೆ ಜಾದೂಘರ ಅನ್ನುತ್ತಿದ್ದರಂತೆ. ಪದಕಗಳು ಆ ಕೂಟದವು. ಕಾಕಾ ಅವನ್ನು ಕೂಡಿಡುತ್ತಿದ್ದರು.

ಮೊದಲ ಸಲ ಒಂದನ್ನು ಅವರಿಗೆ ಒಯ್ದು ಕೊಟ್ಟಾಗ ನಾನು ನಮ್ಮ ದಂಧೆಯ ರೀತಿಯಲ್ಲೇ ಒಯ್ದಿದ್ದೆ. ರಿಬ್ಬನ್ ಹರಿದು ಒಗೆದಿದ್ದೆ. ಮೇಲಿನ ನೀಲಿ ಮೀನಾಕಾರಿ ಬಣ್ಣದ ಲೇಪವನ್ನು ಕಲ್ಲಿನಿಂದ ಕುಟ್ಟಿ ಉದುರಿಸಿದ್ದೆ. ಬೆಳ್ಳಿ ಕರಗಿಸುವವರಿಗೆ ಅದೆಲ್ಲ ಬೇಡ, ಬರೀ ಬೆಳ್ಳಿ ಸಾಕು. ಕಾಕಾ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ಬಣ್ಣ ಉದುರಿದ ಜಾಗವನ್ನು ಬೆರಳಿನಿಂದ ಸವರಿದರು.

“ಇದು ಬೆಳ್ಳಿ ಅಲ್ಲ ಯವ್ವಾ, ಒಬ್ಬ ಮನಶ್ಯಾ,” ಅಂದರು. “ಅವನ ಹಲ್ಲು ಉದುರಿಸಿಕೊಂಡು ತಂದಿ ನೀ.”

ಆಮೇಲೆ ಹಾಗೆ ಮಾಡಲಿಲ್ಲ. ತಂದದ್ದನ್ನು ತಂದ ಹಾಗೇ ಕೊಡುತ್ತಿದ್ದೆ. ಅವರು ಕಡಲೆಹಿಟ್ಟಿನಿಂದ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಮುಟ್ಟುತ್ತಿದ್ದರು. ಹೆಂಡತಿಯ ಇಡ್ಲಿ ತಟ್ಟೆಗಳ ಕುಳಿಯಲ್ಲಿ ಹತ್ತಿ ಹಾಸಿ, ಕುಳಿಗೊಂದರಂತೆ ಪದಕ ಇಟ್ಟಿದ್ದರು. ನಾಲ್ಕು ಮಹಡಿಯ ಇಡ್ಲಿ ಸ್ಟ್ಯಾಂಡು, ಆವಿ ಕಾಣದೆ ಎಷ್ಟೋ ವರ್ಷ ಆಗಿತ್ತು. ನನಗೆ ನಗು ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ. ಪದಕದ ಹಿಂದೆ ಕೆತ್ತಿದ ಹೆಸರು ಹಿಡಿದು ಹಳೇ ಪುಸ್ತಕ ಹುಡುಕುತ್ತಿದ್ದರು, ಸಮಾಧಿ ಕಲ್ಲುಗಳನ್ನು ಓದಲು ಬಿಸಿಲಲ್ಲಿ ಅಲೆಯುತ್ತಿದ್ದರು. ರಸ್ತೆಯಲ್ಲಿ ನಮ್ಮವರನ್ನು ಬೂಟಿನಲ್ಲಿ ಒದೆಯುತ್ತಿದ್ದ ಬಿಳಿಯರು ಆ ಬಾಗಿಲ ಒಳಗೆ ಪಾರ್ಸಿ, ಮುಸಲ್ಮಾನ, ಹಿಂದೂ ಎಲ್ಲರನ್ನೂ ತಮ್ಮಾ ಅಂತ ಕರೆಯಬೇಕಿತ್ತಂತೆ. ಈ ಮಾತು ಹೇಳುವಾಗ ಅವರು ಕಣ್ಣಿನ ಗಾಜು ತೆಗೆದು ಇಡುತ್ತಿದ್ದರು.

ಏನೇ ಒಯ್ದರೂ ಅವರ ಮೊದಲ ಪ್ರಶ್ನೆ ಒಂದೇ. “ಮನಿ ಯಾವುದು, ಮೊದಲ ಅದನ್ನ ಹೇಳು.” ಯಾವ ಮನೆಯಿಂದ ಬಂತು ಅಂತ ತಿಳಿಯದ ಪದಕವನ್ನು ಅವರು ತಟ್ಟೆಗೆ ಇಡುತ್ತಿರಲಿಲ್ಲ. ನನಗೆ ಓದು ಬರಹ ಇಲ್ಲ, ಮೆಟ್ಟಿಲಿನ ಗುರುತು, ಬಾಗಿಲಿನ ಬಣ್ಣ ಹೇಳುತ್ತಿದ್ದೆ. ಅದು ಸಾಲದು ಅಂತ ಅವರೇ ನನಗೆ ಅಕ್ಷರ ಕಲಿಸಿದರು. ನಲವತ್ತು ದಾಟಿದ ಹೆಂಗಸು ನಾನು, ಬೆರಳು ಬಾಗುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂಡಿಸಿ ಕಲಿಸಿದರು. ಮುಂಬಯಿಯಲ್ಲಿ ಅಷ್ಟು ಮನೆ ಹತ್ತಿದ್ದೇನೆ, ಕುರ್ಚಿ ಕೊಟ್ಟವರು ಅವರೊಬ್ಬರೇ.

ಇಷ್ಟು ಒಳ್ಳೆಯದು. ಇನ್ನು ಉಳಿದದ್ದು.

ದಾದರಿನಲ್ಲಿ ಒಂದು ಪಾರ್ಸಿ ಮನೆ. ಸೊಸೆ ಒಂದು ಮೂಟೆ ಹಳೇ ಕೋಟು ಕೊಟ್ಟು ನನ್ನಿಂದ ಮುಚ್ಚಳದ ಡಬ್ಬಿ ತೆಗೆದುಕೊಂಡಳು. ಒಂದು ಕೋಟಿನ ಒಳಜೇಬಿನಲ್ಲಿ ಪದಕ ಇತ್ತು. ರಿಬ್ಬನ್ ಕೂಡ ಹಾಗೇ ಇತ್ತು. ಕಾಕಾ ಅದನ್ನು ನೋಡಿ ಎದ್ದು ನಿಂತುಬಿಟ್ಟರು. ಪದಕದ ಮೇಲೆ ಕೆತ್ತಿದ ಹೆಸರಿನ ಜಾದೂಘರ ಇತ್ತು ಅಂತ ಪುಸ್ತಕದಲ್ಲಿ ಇದೆ, ಅದರ ಪದಕವನ್ನು ಇದುವರೆಗೆ ಯಾರೂ ಕಂಡಿಲ್ಲ ಅಂದರು. ಅವತ್ತು ಊಟ ಮಾಡಲಿಲ್ಲ.

ಒಂದು ತಿಂಗಳಿಗೆ ಮತ್ತೆ ಆ ಬಿಲ್ಡಿಂಗಿಗೆ ಹೋದಾಗ ಮನೆಯ ಅಜ್ಜಿ ನನ್ನ ದಾರಿ ಕಾಯುತ್ತಿದ್ದಳು. ತಾನು ಆಸ್ಪತ್ರೆಯಲ್ಲಿದ್ದಾಗ ಸೊಸೆ ಕೋಟು ಕೊಟ್ಟಿದ್ದಳಂತೆ. ಪದಕ ಅಜ್ಜಿಯ ಅಪ್ಪನದು, ಅಪ್ಪನದು ಅಂತ ಉಳಿದದ್ದು ಅದೊಂದೇ. ಅದನ್ನು ವಾಪಸ್ ತಂದುಕೊಡು, ಬದಲಿಗೆ ಮನೆಯಲ್ಲಿ ಏನು ಬೇಕಾದರೂ ತೆಗೆದುಕೊಂಡು ಹೋಗು ಅಂದಳು. ಕೈ ಹಿಡಿದುಕೊಂಡಳು. ಎಲುಬೇ ಇಲ್ಲದಂಥ ಕೈ.

ನಾನು ಸೀದಾ ಚೆಂಬೂರಿಗೆ ಬಂದೆ. ಕಾಕಾ ಕಣ್ಣಿನ ಗಾಜು ತೆಗೆಯದೆಯೇ ಕೇಳಿಸಿಕೊಂಡರು.

“ಆಕಿ ಸತ್ತರ ಆ ಸೊಸಿ ಇದನ್ನ ಮತ್ತ ಯಾವ್ದರ ಮೂಟಿಗೆ ಹಾಕ್ತಾಳ,” ಅಂದರು. “ಇಲ್ಲಿದ್ದರ ಉಳೀತದ.”

“ಆಕಿ ಇರೋತನಕ ಆಕಿ ಹತ್ರ ಇರಲಿ, ಕಾಕಾ. ಆಮ್ಯಾಲ ನಾ ತಂದು ಕೊಡ್ತೀನಿ.”

“ಕರಗಿಸಿಬಿಟ್ಟಾರ ಅಂತ ಹೇಳು.”

ಹೇಳಿದೆ. ಯಾಕೆ ಹೇಳಿದೆ ಅಂದರೆ ಆ ಕುರ್ಚಿಗಾಗಿ. ಬೇರೆ ಕಾರಣ ಇಲ್ಲ. ಅಜ್ಜಿ ಬೈಯಲಿಲ್ಲ, ಅಳಲಿಲ್ಲ. ಅದೊಂದನ್ನೇ ಕರಗಿಸಿದರೋ, ಬೇರೆಯವರ ಬೆಳ್ಳಿಯ ಜೊತೆ ಸೇರಿಸಿ ಕರಗಿಸಿದರೋ ಅಂತ ಹಿಂದಿಯಲ್ಲಿ ಕೇಳಿದಳು. ಸೇರಿಸಿ ಅಂದೆ. ಅಚ್ಛಾ ಅಂದಳು. ಬುಟ್ಟಿ ಎತ್ತಲು ಕೈ ಕೊಟ್ಟಳು.

ಎರಡು ವರ್ಷದ ಮೇಲೆ ಅಜ್ಜಿ ತೀರಿಕೊಂಡಳು ಅಂತ ಅಲ್ಲಿನ ವಾಚಮನ್ ಹೇಳಿದ. ಕಾಕಾಗೆ ತಿಳಿಸಿದೆ. “ಇನ್ನ ಅದರ ಬಗ್ಗೆ ಬರೀಬಹುದು,” ಅಂದರು.

ಬರೆದರು. ಇಲ್ಲಿನ ಒಂದು ಕನ್ನಡ ಸಂಘದ ವಿಶೇಷಾಂಕದಲ್ಲಿ ಅಚ್ಚಾಯಿತು. ಒಂದು ಪ್ರತಿ ನನಗೂ ಕೊಟ್ಟರು. ಮನೆಗೆ ಬಂದು ಬೆರಳಿಟ್ಟು ಓದಿದೆ. ದಾದರಿನ ವೃದ್ಧೆಯೊಬ್ಬರು ತಮ್ಮ ತಂದೆಯ ಪದಕ ಯೋಗ್ಯರ ಕೈಯಲ್ಲಿ ಉಳಿಯಲೆಂದು ಸಂತೋಷದಿಂದ ಒಪ್ಪಿಸಿದರು ಅಂತ ಇತ್ತು. ಅದಕ್ಕೆ ಸಾಕ್ಷಿ ಅಂತ ನನ್ನ ಹೆಸರು. ನನ್ನ ಹೆಸರನ್ನು ಅಚ್ಚಿನಲ್ಲಿ ನೋಡಿದ್ದು ಅದೇ ಮೊದಲು. ಮೂರು ಸಲ ಓದಿದೆ, ತಪ್ಪು ಓದುತ್ತಿದ್ದೇನೆ ಅಂತ.

ಮರುದಿನ ಹೋಗಿ ಕೇಳಿದೆ. “ಕಾಕಾ, ಆಕಿ ಖುಷೀಲೆ ಕೊಟ್ಟಿದ್ಳೇನು?”

“ಕಸಗೊಂಡೀವಿ ಅಂತ ಬರಿಯಾಕ ಬರ್ತದೇನವಾ?” ಅಂದರು. “ಕುಂಡ್ರು, ಚಾ ಮಾಡ್ತೀನಿ.”

ಕೂಡಲಿಲ್ಲ. ನಿಂತುಕೊಂಡೇ ಚಹಾ ಕುಡಿದೆ. ಆಮೇಲೆ ಹೋದಾಗಲೆಲ್ಲ ನಿಂತೇ ಮಾತಾಡಿದೆ. ಅವರು ಗಮನಿಸಿದರು, ಯಾಕೆ ಅಂತ ಕೇಳಲಿಲ್ಲ. ಕೊನೇ ಕಾಯಿಲೆಯಲ್ಲಿ ಗಂಜಿ ಮಾಡಿ ಹಾಕಿದ್ದೂ ನಾನೇ. ಆಗಲೂ ಪದಕ ಮುಟ್ಟುವ ಮೊದಲು ತೊಳೆದುಕೊಳ್ಳಲು ಕಡಲೆಹಿಟ್ಟು ಕೇಳುತ್ತಿದ್ದರು. ಕೊಡುತ್ತಿದ್ದೆ.

ಹೋದ ತಿಂಗಳು ಸಂಘದವರು ಅವರಿಗೆ ಶೋಕಸಭೆ ಇಟ್ಟರು. ಅಧ್ಯಕ್ಷರು ಆ ಲೇಖನವನ್ನೇ ಓದಿದರು. ನನ್ನ ಹೆಸರಿದ್ದ ಸಾಲಿಗೆ ಬಂದಾಗ, ಆ ಪುಣ್ಯಾತ್ಗಿತ್ತಿ ಇಲ್ಲೇ ಇದ್ದಾರೆ, ಎದ್ದು ನಿಲ್ಲಬೇಕು ಅಂದರು. ಎಲ್ಲರೂ ತಿರುಗಿದರು. ಫೋಟೋಕ್ಕೆ ಹಾರ ಹಾಕಿದ್ದರು. ನಾನು ಎದ್ದೆ, ಕೈಮುಗಿದೆ, ಕೂತೆ. ಚಪ್ಪಾಳೆ ಬಿತ್ತು. ಬಾಯಿ ಬಿಡದೆ ಮತ್ತೊಂದು ಸಲ ಸುಳ್ಳು ಹೇಳಿದ್ದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಕಾಕಾ ಕೊಟ್ಟದ್ದು, ಆ ಋಣ ಇಲ್ಲ ಅನ್ನುವುದಿಲ್ಲ. ಆದರೆ ಆ ಪದಕವನ್ನು ಅಜ್ಜಿ ಒಪ್ಪಿಸಲಿಲ್ಲ. ವಾಪಸ್ ಕೇಳಿದಳು. ನಾವು ಕೊಡಲಿಲ್ಲ.