ಅಪ್ಪನ ಗಾಡಿಗೆ ಹೊಂದದ ಬ್ರೇಕು

ಜನವರಿ ೧೯, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಅಪ್ಪನ ಹಳೇ ಬೈಕಿನ ಮುಂದಿನ ಚಕ್ರ ಬಿಚ್ಚಲು ಶುರು ಮಾಡಿದ ಹೊತ್ತು ಇದು. ನನ್ನ ನೋಟ್‌ಬುಕ್ಕಿನಲ್ಲಿ ಅದರ ಪಕ್ಕದಲ್ಲೇ ‘ಮುಗಿಯುವ ಅಂದಾಜು: ಹನ್ನೊಂದು ಗಂಟೆ’ ಎಂದೂ ಬರೆದಿದ್ದೇನೆ. ಯಾವ ದಿನದ ಹನ್ನೊಂದು ಗಂಟೆ ಎಂದು ಬರೆಯದೆ ಬಿಟ್ಟದ್ದೊಂದೇ ಆ ಪುಟದಲ್ಲಿ ನಾನು ತೋರಿಸಿರುವ ಜಾಣತನ.

ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತ್ ಮೇಲೆ ಕೆಲಸ ಮಾಡಿದವರು. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಿಂದ ಶಿಫ್ಟಿಗೆ ಹೋಗಿ ಬಂದದ್ದೆಲ್ಲ ಈ ಗಾಡಿಯಲ್ಲೇ. ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ ಇದ್ದ ಕಾಲದ್ದು. ಹೋದ ವರ್ಷ ಅವರ ಎಡ ಮಂಡಿಗೆ ಆಪರೇಷನ್ ಆಯಿತು. ಈಗ ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ. ಆದರೆ ಆ ಪಾದ ಬ್ರೇಕನ್ನು ಒತ್ತಿ ಹಿಡಿಯುವುದಿಲ್ಲ. ಮುಂದಿನ ಡ್ರಮ್ ಬ್ರೇಕಂತೂ ಮೊದಲಿನಿಂದಲೂ ಹೆಸರಿಗಷ್ಟೇ ಇತ್ತು. ಆನಗೋಡಿನವರೊಬ್ಬರು ಕೊಳ್ಳಲೆಂದು ಬಂದು ಗಾಡಿಯನ್ನು ಎರಡು ಸಲ ನೋಡಿಕೊಂಡು ಹೋಗಿದ್ದರು. ಅವ್ವ ತೀರ್ಮಾನ ಕೊಟ್ಟಳು: ಬರೀ ಕೈಬ್ರೇಕಿಗೆ ನಿಲ್ಲುವ ಹಾಗೆ ಮಾಡಿದರೆ ಗಾಡಿ ಇರಲಿ, ಇಲ್ಲವಾದರೆ ಫೆಬ್ರವರಿ ಮುಗಿಯುವುದರೊಳಗೆ ಆನಗೋಡಿಗೆ ಹೋಗಲಿ. ಅಪ್ಪ ದಿನಾ ಬೆಳಿಗ್ಗೆ ಅದನ್ನು ಒರೆಸುವುದನ್ನು ಮಾತ್ರ ಬಿಡಲಿಲ್ಲ.

ಡಿಸ್ಕ್ ಬ್ರೇಕ್ ನಾನು ಹಾಕುತ್ತೇನೆ ಎಂದೆ. ಇಂಥ ಕೆಲಸಕ್ಕೆ ಜನ ಮೊದಲು ಮೆಕ್ಯಾನಿಕ್‌ನನ್ನು ಹುಡುಕುತ್ತಾರೆ. ನಾನು ಇನ್ನೂರು ಪುಟದ ನೋಟ್‌ಬುಕ್ ತಂದೆ.

ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ದಾವಣಗೆರೆಯ ಗುಜರಿಯಲ್ಲಿ ಸಿಕ್ಕಿತು, ಒಂದು ಸಣ್ಣ ಬೈಕಿನದು. ಹ್ಯಾಂಡಲ್ ಮೇಲೆ ಕೂತು ಅದಕ್ಕೆ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಹರಿಹರದಲ್ಲಿ ಸಿಕ್ಕಿತು. ಅದು ಮುಂದಿನ ಚಕ್ರಕ್ಕೆ ಎರಡೆರಡು ಡಿಸ್ಕ್ ಇರುವ ದೊಡ್ಡ ಬೈಕಿನದು. ಅಂಗಡಿಯಲ್ಲಿದ್ದ ಮೂರರಲ್ಲಿ ಅದನ್ನೇ ಏಕೆ ಆರಿಸಿದೆ ಎಂಬುದಕ್ಕೆ ಕಾರಣವನ್ನೂ ಬರೆದಿಟ್ಟಿದ್ದೇನೆ: ‘ತೂಕ ಹೆಚ್ಚು.’ ಮನೆಗೆ ತಂದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಇನ್ನೊಮ್ಮೆ ಖಾತ್ರಿ ಮಾಡಿಕೊಂಡೆ. ಅವ್ವ ಆ ತಕ್ಕಡಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು.

ಅವತ್ತು ಅಪ್ಪ ಕೇಳಿದ್ದು ಒಂದೇ ಮಾತು.

“ಎರಡಕ್ಕೂ ಅಳತಿ ನೋಡೀಯೇನು?”

“ನೋಡೀನಪ್ಪ.”

ಸುಳ್ಳಲ್ಲ. ಅಪ್ಪನದೇ ವರ್ನಿಯರ್ ಹಿಡಿದು ಎರಡರೊಳಗಿನ ಪಿಸ್ಟನ್ನುಗಳ ದಪ್ಪವನ್ನೂ ಮೂರು ಮೂರು ಸಲ ಅಳೆದು, ಸರಾಸರಿ ತೆಗೆದು ಬರೆದಿದ್ದೆ. ಕ್ಯಾಲಿಪರಿನದು ಹನ್ನೊಂದನೇ ಪುಟದಲ್ಲಿ, ಮಾಸ್ಟರಿನದು ಇಪ್ಪತ್ಮೂರನೇ ಪುಟದಲ್ಲಿ.

ಫೆಬ್ರವರಿ ೨ರಂದು ಕೆಲಸ ಮುಗಿಯಿತು. ಅಂದಾಜಿನಂತೆ ಹನ್ನೊಂದು ಗಂಟೆಗೇ, ಹದಿನಾಲ್ಕು ದಿನ ತಡವಾಗಿ. ಬ್ರೇಕ್ ಹಿಡಿದು ನೋಡಿದರೆ ಕಲ್ಲಿನ ಹಾಗೆ ಗಟ್ಟಿ. ‘ಅತ್ಯುತ್ತಮ’ ಎಂದು ಬರೆದು ಎರಡು ಗೆರೆ ಎಳೆದೆ.

ದೇವರಾಜ ಅರಸು ಬಡಾವಣೆಯ ಒಂದು ಖಾಲಿ ರಸ್ತೆಯಲ್ಲಿ ಸೀಮೆಸುಣ್ಣದ ಗೆರೆ ಹಾಕಿ ಪರೀಕ್ಷೆ ಮಾಡಿದೆ. ಮೂವತ್ತರ ವೇಗದಲ್ಲಿ ಬಂದು, ಗೆರೆಯ ಮೇಲೆ ಬರೀ ಮುಂದಿನ ಬ್ರೇಕ್ ಹಿಡಿದು, ನಿಂತ ಮೇಲೆ ಇಳಿದು ಹೆಜ್ಜೆ ಎಣಿಸುವುದು. ಹಳೇ ಡ್ರಮ್ಮಿಗೆ, ಅದನ್ನು ಬಿಚ್ಚುವ ಮೊದಲು, ಹತ್ತು ಸಲದ ಸರಾಸರಿ ಹದಿನಾಲ್ಕು ಹೆಜ್ಜೆ ಬಂದಿತ್ತು. ಹೊಸ ಡಿಸ್ಕಿಗೆ ಹದಿನೇಳು. ರಸ್ತೆ ಇಳಿಜಾರಿರಬೇಕು ಎಂದು ಎದುರು ದಿಕ್ಕಿನಿಂದ ಹತ್ತು ಸಲ ಬಂದೆ, ಹದಿನೇಳೇ. ಡಿಸ್ಕಿಗೆ ಉಜ್ಜುವ ಹೊಸ ಪ್ಯಾಡು ಪಳಗಲಿ ಎಂದು ಒಂದು ವಾರ ಓಡಿಸಿದ ಮೇಲೆ ಹದಿನಾರಾಯಿತು. ಆ ದಿನದ ಷರಾ: ‘ನನ್ನ ಹೆಜ್ಜೆ ಚಿಕ್ಕದಾಗುತ್ತಿರಬಹುದು.’ ಬ್ರೇಕಿನ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ. ಅಷ್ಟು ಗಟ್ಟಿಯಾಗಿದೆಯಲ್ಲ!

ಮರುದಿನ ಅಪ್ಪ ಅಂಗಳದಲ್ಲಿ ಗಾಡಿಯ ಮೇಲೆ ಕೂತು ಬ್ರೇಕ್ ಹಿಡಿದರು. ಕೈಯ ನರ ಉಬ್ಬಿದವು.

“ಗ್ವಾಡಿ ಹಿಂಡಿದಂಗೆ ಐತಲ್ಲೋ ಇದು.”

“ಗಟ್ಟಿ ಇದ್ರ ಒಳ್ಳೇದಲ್ಲೇನಪ್ಪ?”

“ಗಟ್ಟಿ ಇರೋದು ನಿನ್ನ ತಲಿ. ಆ ಪುಸ್ತಕ ತಾ ಇಲ್ಲಿ.”

ಅಪ್ಪ ಕನ್ನಡಕ ಹಾಕಿಕೊಂಡು ಹನ್ನೊಂದನೇ ಪುಟ ಓದಿದರು. ಇಪ್ಪತ್ಮೂರಕ್ಕೆ ಹೋದರು. ಮತ್ತೆ ಹನ್ನೊಂದಕ್ಕೆ ಬಂದರು. ಕೊನೆಗೆ ಎರಡೂ ಕಡೆ ಒಂದೊಂದು ಬೆರಳಿಟ್ಟುಕೊಂಡು ನನ್ನ ಮುಖ ನೋಡಿದರು.

“ಲಾರಿ ಎತ್ತೋ ಜಾಕ್ ನೋಡೀಯಿಲ್ಲ? ಕೈಲಿ ಹೊಡಿಯೋ ಕಡಿ ಸಣ್ಣದು, ಎತ್ತೋ ಕಡಿ ದಪ್ಪಂದು. ಅದಕ್ಕ ಒಬ್ಬ ಮನುಷ್ಯ ಲಾರಿ ಎತ್ತತಾನ. ನೀನು ಕೈ ಕಡಿಗೂ ದಪ್ಪಂದು ತಂದು ಹಾಕೀಯ. ಹೆಂಗೆ ಹಿಡಿತೈತೆ?”

ಕೈಯ ಕಡೆಯ ಪಿಸ್ಟನ್ನು ದಪ್ಪಗಿದ್ದರೆ ಹಿಡಿಕೆ ಅಲುಗುವುದಿಲ್ಲ, ಗಟ್ಟಿ ಎನಿಸುತ್ತದೆ. ಆದರೆ ಚಕ್ರಕ್ಕೆ ಬಲ ಹೋಗುವುದಿಲ್ಲ. ಸಣ್ಣಗಿದ್ದರೆ ಹಿಡಿಕೆ ಮೆತ್ತಗೆ ಒಳಗೆ ಬರುತ್ತದೆ, ಬಲ ಹೆಚ್ಚುತ್ತದೆ. ಎರಡೂ ಅಂಕಿ ನನ್ನ ಹತ್ತಿರವೇ ಇದ್ದವು. ನಡುವೆ ಹನ್ನೊಂದು ಪುಟ ಇದ್ದವು, ಅಷ್ಟೇ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಪ್ಪ ನೋಟ್‌ಬುಕ್ಕು ವಾಪಸ್ಸು ಕೊಟ್ಟರು.

“ಅಳತಿ ನೋಡೀನಿ ಅಂದೋನ್ನ ಕಾರ್ಖಾನ್ಯಾಗ ಯಾರೂ ಎರಡನೇ ಸಲ ಕೇಳ್ತಿದ್ದಿಲ್ಲ. ಕೇಳಿದ್ರ ಅವಮಾನ.”

ಮೂವತ್ತೊಂದು ವರ್ಷದ ಆ ಮರ್ಯಾದೆಯನ್ನು ನನಗೂ ಕೊಟ್ಟಿದ್ದರು. ಅವತ್ತಿನ ಪುಟದಲ್ಲಿ ನಾನು ಏನೂ ಬರೆದಿಲ್ಲ.

ಕ್ಯಾಲಿಪರ್ ಯಾವ ಬೈಕಿನದೋ ಅದೇ ಬೈಕಿನ ಸಣ್ಣ ಮಾಸ್ಟರ್ ಹುಡುಕಿ ತಂದು ಫೆಬ್ರವರಿ ೨೩ರಂದು ಕೂರಿಸಿದೆ. ಈ ಸಲ ತೂಕ ಮಾಡಲಿಲ್ಲ. ಹಿಡಿಕೆ ಮೆತ್ತಗೆ ಎರಡು ಬೆರಳು ಒಳಗೆ ಬಂತು. ನನಗೆ ಭಯವಾಯಿತು. ಸೀಮೆಸುಣ್ಣದ ಗೆರೆಯ ಹತ್ತಿರ ಮಾತ್ರ ಸರಾಸರಿ ಒಂಬತ್ತು ಹೆಜ್ಜೆಗೆ ಇಳಿಯಿತು.

ಅವ್ವ ನನ್ನ ಅಂಕಿ ಕೇಳಲೇ ಇಲ್ಲ. ಶುಕ್ರವಾರ ಬೆಳಿಗ್ಗೆ, ಫೆಬ್ರವರಿಯ ಕೊನೆಯ ದಿನ, ಗೇಟಿನ ಮುಂದೆ ರಂಗೋಲಿ ಹಾಕಿ ಮುಗಿಸಿ, ರಸ್ತೆಯ ತುದಿಯಲ್ಲಿ ಗಾಡಿಯ ಮೇಲಿದ್ದ ಅಪ್ಪನನ್ನು ಕೈಬೀಸಿ ಕರೆದಳು. “ರಂಗೋಲಿ ಅಳಿಸಿದ್ರ ಆನಗೋಡು,” ಎಂದು ನನಗೆ ಹೇಳಿ ಪಕ್ಕಕ್ಕೆ ಸರಿದು ನಿಂತಳು. ಅಪ್ಪ ಬಂದರು. ಎಡಗಾಲು ಅಲುಗಲಿಲ್ಲ. ಮುಂದಿನ ಚಕ್ರ ರಂಗೋಲಿಗಿಂತ ನಾಲ್ಕು ಬೆರಳು ಈಚೆ ನಿಂತಿತು. ಅಳೆದದ್ದು ನಾನೇ. ಅವ್ವ ಆಗಲೇ ಒಳಗೆ ಹೋಗಿ ಆನಗೋಡಿಗೆ ಫೋನ್ ಮಾಡುತ್ತಿದ್ದಳು, ಬರೋದು ಬ್ಯಾಡ ಅಂತ.

ಆ ಭಾನುವಾರ ಅಪ್ಪ ನನ್ನನ್ನು ಹಿಂದೆ ಕೂರಿಸಿಕೊಂಡು ಹರಿಹರಕ್ಕೆ ಹೋದರು. ದಾರಿಯಲ್ಲಿ ಮುಂದಿನ ಬ್ರೇಕ್ ಹಿಡಿದದ್ದು ಮೂವತ್ತೆಂಟು ಸಲ. ಬೇಕಾಗಿದ್ದು ಹತ್ತು ಸಲವೂ ಇರಲಿಲ್ಲ. ಉಳಿದದ್ದೆಲ್ಲ ಖುಷಿಗೆ ಹಿಡಿದದ್ದು ಎಂದು ನನ್ನ ಲೆಕ್ಕ.

ಒಂದು ಮಾತ್ರ ಬಗೆಹರಿದಿಲ್ಲ. ಗಾಡಿ ಎರಡು ದಿನ ನಿಂತರೆ ಬೆಳಗಿನ ಮೊದಲ ಹಿಡಿತ ಪೊಳ್ಳಾಗಿರುತ್ತದೆ, ಎರಡನೆಯದಕ್ಕೆ ಸರಿಹೋಗುತ್ತದೆ. ಬ್ರೇಕಿನ ಎಣ್ಣೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಮೂರು ಸಲ ತೆಗೆದಿದ್ದೇನೆ. ಎಣ್ಣೆ ಎಲ್ಲೂ ಸೋರುತ್ತಿಲ್ಲ. ಅಪ್ಪ ಗೇಟು ದಾಟುವ ಮೊದಲು ತಪ್ಪದೆ ಎರಡು ಸಲ ಹಿಡಿದು ನೋಡುತ್ತಾರೆ, ಆದರೂ ನನಗೆ ಸಮಾಧಾನವಿಲ್ಲ. ಇದರ ಕಾರಣ ಬಲ್ಲವರು ದಯವಿಟ್ಟು ನಾಲ್ಕು ಸಾಲು ಬರೆದು ಕಳಿಸಿ. ಅಳತೆ ಬರೆಯುವುದಿದ್ದರೆ ಕ್ಯಾಲಿಪರಿನದೂ ಮಾಸ್ಟರಿನದೂ ಒಂದೇ ಪುಟದಲ್ಲಿ ಇರಲಿ.