ಕೆನಡಾ ದಕ್ಷಿಣಕ್ಕಿದೆ

ಊರಿನವರು ಎಲ್ಲಿದ್ದೀಯ ಅಂತ ಕೇಳಿದರೆ ನಾನು ಡೆಟ್ರಾಯ್ಟ್ ಅನ್ನುತ್ತಿದ್ದೆ. ನಾರ್ತ್‌ವಿಲ್ ಅಂದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಇಲ್ಲಿಗೆ ಬಂದು ಹತ್ತು ವರ್ಷ ಕಳೆದರೂ ಡೆಟ್ರಾಯ್ಟ್ ಊರನ್ನು ನಾನು ನೋಡಿರಲಿಲ್ಲ. ಮನೆ ನಾರ್ತ್‌ವಿಲ್‌ನಲ್ಲಿ, ಕೆಲಸ ವಾರೆನ್‌ನಲ್ಲಿ, ಕಾರಿನ ಸೀಟುಗಳ ವಿನ್ಯಾಸ. ನಡುವಿನ ಹೆದ್ದಾರಿ ಊರೊಳಕ್ಕೆ ಹೋಗದೆ ಹೊರಗಿಂದಲೇ ಸುತ್ತಿಕೊಂಡು ಹೋಗುತ್ತದೆ. ನಾನೂ ಹಾಗೇ ಇದ್ದೆ.

ಈ ಬೇಸಿಗೆಯಲ್ಲಿ ಮೈಸೂರಿನ ಹಾಸ್ಟೆಲ್ ಗೆಳತಿಯರಿಬ್ಬರು ಬಂದರು. ಒಬ್ಬಳು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲೇ ಬಹಳ ವರ್ಷದಿಂದ ನೆಲೆಸಿದವಳು. ಇನ್ನೊಬ್ಬಳು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್, ಭೂಗೋಳ ಹೇಳಿಕೊಡುತ್ತಾಳೆ. ರಜೆಗೆ ಮೊದಲಿನವಳ ಮನೆಗೆ ಬಂದಿದ್ದಳು. ಇಬ್ಬರೂ ಕಾರು ಹತ್ತಿ ವಾರಾಂತ್ಯಕ್ಕೆ ನಮ್ಮಲ್ಲಿಗೆ ಹೊರಟುಬಂದರು.

ಮಾಲ್, ದೇವಸ್ಥಾನ, ಇಂಡಿಯನ್ ಅಂಗಡಿ ಅಂತ ನಾನು ಪ್ಲ್ಯಾನ್ ಮಾಡಿದ್ದೆ. ಟೀಚರ್ ಗೆಳತಿ ಕಾಫಿ ಕುಡಿಯುತ್ತಾ, "ಅವೆಲ್ಲ ಮೈಸೂರಲ್ಲೂ ಇದೆ ಕಣೇ. ನಿನ್ನ ಡೆಟ್ರಾಯ್ಟ್ ತೋರಿಸು" ಅಂದಳು.

"ಅಲ್ಲೇನಿದೆ ಮಣ್ಣು" ಅಂದಳು ನೇಪರ್‌ವಿಲ್‌ನವಳು. "ನೋಡೋದಾದ್ರೆ ನಮ್ಮ ಶಿಕಾಗೋ ನೋಡ್ಬೇಕು."

ಆ ಮಾತಿಗೆ ನನಗೆ ಸಿಟ್ಟು ಬಂದಿದ್ದು ನನಗೇ ಆಶ್ಚರ್ಯ. ಮಗಳನ್ನೂ ಹೊರಡಿಸಿಕೊಂಡು ಎಲ್ಲರನ್ನೂ ಕಾರಿಗೆ ಹತ್ತಿಸಿದೆ.

ಮೊದಲು ಹೋದದ್ದು ಶನಿವಾರದ ಸಂತೆಗೆ. ಇಟ್ಟಿಗೆಯ ಹಳೆಯ ಮಂಟಪಗಳ ಕೆಳಗೆ ತರಕಾರಿ, ಹೂವು, ಜೇನು. ನಮ್ಮ ಟೀಚರ್ ಸೊಪ್ಪು ಮಾರುತ್ತಿದ್ದ ಒಬ್ಬ ಕಪ್ಪು ಅಜ್ಜಿಯ ಮುಂದೆ ನಿಂತು, ಕೇಳಿ, ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡಳು. "ಸಾಸಿವೆ ಸೊಪ್ಪು ಕಣ್ರೇ!" ಅಜ್ಜಿ ನಕ್ಕು, ನೀವು ಇದನ್ನ ಹೇಗೆ ಮಾಡುತ್ತೀರಿ ಅಂತ ಕೇಳಿದರು. ಬೇಳೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅಂತ ಇವಳು ಕೈಸನ್ನೆ ಸಮೇತ ಮಸ್ಸೊಪ್ಪು ಕಲಿಸತೊಡಗಿದಳು. ಉಚ್ಚಾರಣೆ ಗೊಂದಲವಾದಲ್ಲೆಲ್ಲ ನನ್ನ ಮಗಳು ನಡುವೆ ನಿಂತು ಬಿಡಿಸಿ ಹೇಳಿದಳು. ಸೂಪರ್‌ಮಾರ್ಕೆಟ್‌ನಲ್ಲಿ ಯಾರ ಮುಖವನ್ನೂ ನೋಡದೆ ಬಿಲ್ ಮಾಡಿಸಿಕೊಂಡು ಬರುವ ನಾನು ಚೀಲ ಹಿಡಿದುಕೊಂಡು ಕೇಳುತ್ತಾ ನಿಂತೆ. ಹೊರಡುವಾಗ ಅಜ್ಜಿ, "ಬಿಸಿಲಿದೆ, ನದಿ ನಡುವಿನ ದ್ವೀಪಕ್ಕೆ ಹೋಗಿ" ಅಂದರು.

ಸೇತುವೆ ದಾಟಿ ದ್ವೀಪಕ್ಕೆ ಹೋದೆವು. ಮರದ ನೆರಳಲ್ಲಿ ಚಾಪೆ ಹಾಸಿ ಪುಳಿಯೋಗರೆ ತೆಗೆದೆವು. ಟೀಚರ್ ಆಚೆ ದಡದ ಕಟ್ಟಡಗಳನ್ನು ತೋರಿಸಿ, "ಅದ್ಯಾವ ಊರೇ?" ಅಂದಳು.

"ಅದು ಕೆನಡಾ" ಅಂದೆ.

ಅವಳು ಸೂರ್ಯನನ್ನು ನೋಡಿದಳು, ಫೋನಿನಲ್ಲಿ ದಿಕ್ಸೂಚಿ ನೋಡಿದಳು, ತಟ್ಟೆ ಕೆಳಗಿಟ್ಟಳು. "ಇಲ್ಲಿ ಕೆನಡಾ ದಕ್ಷಿಣಕ್ಕಿದೆ! ಇಷ್ಟು ವರ್ಷ ಮಕ್ಕಳಿಗೆ ಅಮೆರಿಕದ ಉತ್ತರಕ್ಕೆ ಕೆನಡಾ ಅಂತ ಉರು ಹೊಡೆಸಿದ್ದೀನಲ್ಲೇ."

ದಿಕ್ಕಿನ ವಿಷಯ ನನಗೂ ಗೊತ್ತಿರಲಿಲ್ಲ ಅಂದೆ. "ಅಮ್ಮಾ, ಹೌ ಡಿಡ್ ಯೂ ನಾಟ್ ನೋ ದಿಸ್?" ಅಂದಳು ಮಗಳು. ನಾನು ಅವಳ ತಟ್ಟೆಗೆ ಇನ್ನಷ್ಟು ಪುಳಿಯೋಗರೆ ಬಡಿಸಿದೆ.

ಅಷ್ಟರಲ್ಲಿ ಬೀದಿಯಷ್ಟು ಉದ್ದದ ಸರಕು ಹಡಗೊಂದು ನಮ್ಮೆದುರಿಗೇ ಹಾದುಹೋಯಿತು. ಮಗಳು ಎದ್ದು ಕೈಬೀಸಿದಳು. ಹಡಗು ಎದೆ ನಡುಗುವಂತೆ ಹಾರ್ನ್ ಹೊಡೆಯಿತು. ನಾವು ಮೂವರೂ ಹಾಸ್ಟೆಲ್ ಹುಡುಗಿಯರಂತೆ ಕಿರುಚಿದೆವು. ನೇಪರ್‌ವಿಲ್‌ನವಳ ಕಿರುಚಾಟವೇ ಜೋರು.

ಭಾನುವಾರ ಅವರು ವಾಪಸ್ ಹೋದರು. ಸೋಮವಾರ ಆಫೀಸಿನಲ್ಲಿ ಪಕ್ಕದ ಮೇಜಿನವರಿಗೆ ಸಂತೆಯ ವಿಷಯ ಹೇಳಿದೆ. ಇನ್ನೇನು ನಿವೃತ್ತಿಯಾಗಲಿರುವ ಮನುಷ್ಯ. ವರ್ಷಗಟ್ಟಲೆ ಅಕ್ಕಪಕ್ಕ ಕೂತರೂ ನಮ್ಮ ಮಾತೆಲ್ಲ ಸೀಟಿನ ಫೋಮು, ಬೋಲ್ಟುಗಳದ್ದೇ. ಅವರು ಕಾಫಿ ಲೋಟ ಕೆಳಗಿಟ್ಟು, "ನಾನು ಹುಟ್ಟಿದ್ದು ಅಲ್ಲೇ, ಆ ಸಂತೆಯಿಂದ ನಾಲ್ಕಾರು ಬೀದಿ ಆಚೆ. ನೋಡ್ತೀಯಾ?" ಅಂದರು.

ಊಟದ ಬಿಡುವಿನಲ್ಲಿ ಅವರ ಕಾರಿನಲ್ಲೇ ಹೋದೆವು. ಬೀದಿ ಇತ್ತು, ಮನೆಗಳು ಹೆಚ್ಚು ಉಳಿದಿರಲಿಲ್ಲ. ಮಂಡಿಯುದ್ದ ಹುಲ್ಲು ಬೆಳೆದ ಖಾಲಿ ಜಾಗದೊಳಕ್ಕೆ ಅವರು ಅಂದಾಜಿನಲ್ಲೇ ನಡೆದು ನಿಂತರು. "ಇದು ಅಡುಗೆಮನೆ. ಅಮ್ಮ ಇಲ್ಲಿ ನಿಂತು ಕೂಗಿದರೆ ಆ ಮೂಲೆಯವರೆಗೂ ಕೇಳ್ತಿತ್ತು." ಹಿಂದೆ ಒಂದು ಪೇರ್ ಹಣ್ಣಿನ ಮರ ಇನ್ನೂ ಇತ್ತು, ತುಂಬಾ ಹೀಚು ಬಿಟ್ಟಿತ್ತು.

ಮರದ ನೆರಳಲ್ಲಿ ನಿಂತು ಅವರು, "ನೀನು ಹುಟ್ಟಿದ ಬೀದಿ ಹೇಗಿತ್ತು?" ಅಂತ ಕೇಳಿದರು. ಈ ದೇಶದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೈಸೂರಿನ ನಮ್ಮ ವಠಾರ, ಎಲ್ಲರಿಗೂ ಒಂದೇ ನಲ್ಲಿ, ಬೆಳಗಾದರೆ ಬಿಂದಿಗೆಗಳ ಜಗಳ, ಎಲ್ಲ ಹೇಳುತ್ತಾ ಹೋದೆ. ಬಿಂದಿಗೆ ಎಂದರೇನು ಅಂತ ಕೈಯಲ್ಲೇ ತೋರಿಸಿದೆ.

ಮೀಟಿಂಗಿಗೆ ತಡವಾಗಿ ತಲುಪಿದೆವು. ಮ್ಯಾನೇಜರ್ ಇಬ್ಬರ ಪ್ಯಾಂಟಿಗೂ ಅಂಟಿದ್ದ ಹುಲ್ಲಿನ ಬೀಜಗಳನ್ನು ನೋಡಿ, ಎಲ್ಲಿಗೆ ಹೋಗಿದ್ದಿರಿ ಅಂದರು.

"ಮನೆಗೆ ಹೋಗಿದ್ದೆವು" ಅಂತ ಹೇಳಿ ಪಕ್ಕದ ಮೇಜಿನವರು ಲ್ಯಾಪ್‌ಟಾಪ್ ತೆರೆದರು.